ಔಷಧಿ ಕುಡಿದ ಮರ: ಕೊಯ್ಯುವ ಮುನ್ನ, ಕೊಯ್ಯುವಾಗ, ಕೊಯ್ದ ಮೇಲೆ

ಟ್ರೀಟ್‌ಮೆಂಟ್ ಆದ ಬೇಲಿಕಂಬ, ಅಂದರೆ ಕೊಳೆಯದಂತೆ, ಹುಳ ಹತ್ತದಂತೆ ಔಷಧಿ ಹಿಡಿಸಿದ ಕಂಬ, ತನ್ನ ಪಾಡಿಗೆ ಮಣ್ಣಲ್ಲಿ ನಿಂತಿದ್ದರೆ ಅದರಿಂದ ಆಗುವ ತೊಂದರೆ ಬಹಳ ಕಡಿಮೆ. ಗರಗಸಕ್ಕೆ ಕೊಟ್ಟಾಗ ಏಳುವ ದೂಳು, ಉಳಿದ ತುಂಡನ್ನು ಬಚ್ಚಲ ಒಲೆಗೆ ತುರುಕಿದಾಗ ಬರುವ ಹೊಗೆ, ಮರುದಿನ ಬಾಚಿ ತೆಗೆಯುವ ಬೂದಿ, ಅಪಾಯ ಇರುವುದು ಈ ಮೂರರಲ್ಲಿ. ನಮ್ಮ ಕಡೆ ಬೂದಿ ಒಲೆಯಲ್ಲೇ ಉಳಿಯುವುದೂ ಇಲ್ಲ. ತೆಂಗಿನ ಬುಡಕ್ಕೆ ಹೋಗುತ್ತದೆ, ಹುಳ ಬಿದ್ದ ಬದನೆ ಗಿಡಕ್ಕೆ ಎರಚುತ್ತಾರೆ, ಕೆಲವು ಮನೆಗಳಲ್ಲಿ ಈಗಲೂ ಪಾತ್ರೆ ತಿಕ್ಕುತ್ತಾರೆ. ಮಣ್ಣಿಗೆ ತಾಗುವ ಕಂಬಕ್ಕೆ ಘನ ಮೀಟರಿಗೆ 6.4 ಕೆಜಿ ಸಿ.ಸಿ.ಎ. (ಆರ್ಸೆನಿಕ್ ಎಂಬ ವಿಷ ಸೇರಿದ ಮರದ ಔಷಧಿ) ಹಿಡಿಸುವುದು ರೂಢಿಯ ಪ್ರಮಾಣ. ಆ ಲೆಕ್ಕದಲ್ಲಿ ಪೂರ್ತಿ ಔಷಧಿ ಹೀರಿದ, 4 ಇಂಚು ದಪ್ಪ, 7 ಅಡಿ ಉದ್ದದ ಒಂದೇ ಕಂಬದಲ್ಲಿ 20 ಗ್ರಾಂಗೂ ಹೆಚ್ಚು ಆರ್ಸೆನಿಕ್ ಇರುತ್ತದೆ. ಸುಟ್ಟರೆ ಅದು ಎಲ್ಲೂ ಮಾಯವಾಗುವುದಿಲ್ಲ. ಒಂದಿಷ್ಟು ಹೊಗೆಯ ಜೊತೆ ಹೋಗುತ್ತದೆ, ಉಳಿದದ್ದು ಒಂದು ಬೊಗಸೆ ಬೂದಿಯಲ್ಲಿ ಕೂರುತ್ತದೆ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ: ಔಷಧಿ ಹಾಕಿದ ಮರವನ್ನು ಯಾವ ಒಲೆಯಲ್ಲೂ ಸುಡಬೇಡಿ, ಚಳಿ ಕಾಯಿಸುವ ಬೆಂಕಿಗೂ ಹಾಕಬೇಡಿ. ಕೆಳಗೆ ಬರೆದಿರುವುದರಲ್ಲಿ ಬೇರೇನನ್ನು ಮರೆತರೂ ಇದೊಂದನ್ನು ಮರೆಯಬೇಡಿ.

ಮೊದಲು ಯಾವ ಔಷಧಿ ಎಂದು ತಿಳಿಯಿರಿ

‘ಟ್ರೀಟೆಡ್ ಮರ’ ಎಂದು ಅಂಗಡಿಯವರು ಹೇಳುವುದು ಒಂದೇ ವಸ್ತುವಲ್ಲ. ಔಷಧಿ ಬೇರೆಯಾದರೆ ಹಿಡಿಯುವ ರೀತಿಯೂ ಬೇರೆ.

ಹಸಿರು ಛಾಯೆಯ ಮರದಲ್ಲಿ ತಾಮ್ರ ಇದೆ ಎಂದು ತಿಳಿಯಿರಿ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ್ದು ಸಿ.ಸಿ.ಎ. ಇದು ನಮ್ಮ ದೇಶದಲ್ಲೇ ಹುಟ್ಟಿದ ಔಷಧಿ. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಇದನ್ನು ಕಂಡುಹಿಡಿದರು, ‘ಆಸ್ಕು’ ಎಂಬ ಹೆಸರಿನಲ್ಲಿ ಅದು ಜಗತ್ತೆಲ್ಲ ಸುತ್ತಿತು. ತಾಮ್ರ ಅಣಬೆ-ಬೂಸಲನ್ನು ತಡೆಯುತ್ತದೆ, ಆರ್ಸೆನಿಕ್ ಗೆದ್ದಲನ್ನೂ ಕುಟ್ಟೆ ಹುಳವನ್ನೂ ಕೊಲ್ಲುತ್ತದೆ, ಕ್ರೋಮಿಯಂ ಎರಡನ್ನೂ ಮರದ ನಾರಿಗೆ ಕಚ್ಚಿಸುತ್ತದೆ. ಆರ್ಸೆನಿಕ್ ಜಾಗದಲ್ಲಿ ಬೋರಾನ್ ಹಾಕಿದರೆ ಸಿ.ಸಿ.ಬಿ. ಇತ್ತೀಚೆಗೆ ಆಮದಾಗುವ, ಡೆಕ್ (ಮನೆಯ ಹೊರಗಿನ ಮರದ ಜಗಲಿ) ಕಟ್ಟುವ ಪೈನ್‌ನಲ್ಲಿ ಹೆಚ್ಚಾಗಿ ಎ.ಸಿ.ಕ್ಯೂ. ಅಥವಾ ಕಾಪರ್ ಅಜೋಲ್ ಎಂಬ ಔಷಧಿ ಇರುತ್ತದೆ. ಅವುಗಳಲ್ಲಿ ಆರ್ಸೆನಿಕ್ ಇಲ್ಲ, ತಾಮ್ರ ಜಾಸ್ತಿ.

ಹಸಿರು ಬಣ್ಣವನ್ನೇ ನಂಬಿ ಕೂರುವಂತಿಲ್ಲ. ನಾಲ್ಕೈದು ಮಳೆಗಾಲ ಕಂಡ ಸಿ.ಸಿ.ಎ. ಮರ ಮಾಮೂಲಿ ಹಳೇ ಮರದ ಹಾಗೆಯೇ ಬೂದು ಬಣ್ಣಕ್ಕೆ ತಿರುಗುತ್ತದೆ. ಗುಜರಿಯಲ್ಲಿ ಸಿಗುವ ಹಳೆಯ ಬೇಲಿಕಂಬ, ಕಾರ್ಖಾನೆಯ ಕೂಲಿಂಗ್ ಟವರ್ ಬಿಚ್ಚಿದಾಗ ಬಂದ ಪಟ್ಟಿ, ಇವನ್ನು ಕಂಡರೆ ಸಿ.ಸಿ.ಎ. ಎಂದೇ ಭಾವಿಸಿ ಕೆಲಸ ಮಾಡಿ. ಅಮೆರಿಕದಲ್ಲಿ ಮನೆ ಕೊಂಡ ಕನ್ನಡಿಗರಿಗೂ ಇದೇ ಮಾತು. ಅಲ್ಲಿ ಮನೆಬಳಕೆಗೆ ಸಿ.ಸಿ.ಎ. ಮರದ ತಯಾರಿ ನಿಂತದ್ದು 2003ರ ಕೊನೆಗೆ, ಅದಕ್ಕಿಂತ ಹಿಂದಿನ ಡೆಕ್ ಬಹುಮಟ್ಟಿಗೆ ಆರ್ಸೆನಿಕ್‌ನದೇ.

ಕಪ್ಪಗೆ, ಎಣ್ಣೆಯಾಗಿ, ಡಾಂಬರಿನ ವಾಸನೆ ಹೊಡೆಯುವುದು ಕ್ರಿಯೊಸೋಟ್. ಹಳೆಯ ರೈಲ್ವೆ ಸ್ಲೀಪರ್, ಹಳೆಯ ಮರದ ಲೈಟುಕಂಬಗಳಲ್ಲಿ ಸಿಗುತ್ತದೆ. ಕಲ್ಲಿದ್ದಲ ಡಾಂಬರನ್ನು ಬಟ್ಟಿ ಇಳಿಸಿ ತೆಗೆದ ಎಣ್ಣೆ ಇದು, ಕ್ಯಾನ್ಸರ್‌ಕಾರಕ. ಸ್ಲೀಪರ್ ಮರ ಗಟ್ಟಿ, ನೋಡಲು ಚೆಂದ, ಹೋಂಸ್ಟೇಗಳ ಊಟದ ಮೇಜಿಗೆ ಬೇಡಿಕೆಯೂ ಇದೆ. ಆದರೆ ಮೇಲಿನ ಕಪ್ಪು ಪದರವನ್ನು ರಂದಾ ಹೊಡೆದು ತೆಗೆದರೆ ಎಣ್ಣೆ ಹೋಯಿತು ಎಂಬುದು ತಪ್ಪು ಲೆಕ್ಕ. ಬಿರುಕು, ಮೊಳೆ ತೂತುಗಳ ಉದ್ದಕ್ಕೂ ಅದು ಒಳಗಿಳಿದಿರುತ್ತದೆ, ಏಪ್ರಿಲ್ ಬಿಸಿಲಿಗೆ ಮತ್ತೆ ಜಿನುಗುತ್ತದೆ. ಸ್ಲೀಪರನ್ನು ಮನೆಯೊಳಗೆ ತರಬೇಡಿ.

ಬಣ್ಣವೂ ವಾಸನೆಯೂ ಇಲ್ಲದ್ದು ಬೋರಾನ್. ರಬ್ಬರ್ ಮರದ ಪೀಠೋಪಕರಣ, ಬಿದಿರು, ಕೆಲವು ಪ್ಲೈವುಡ್‌ಗಳಲ್ಲಿ ಇದನ್ನೇ ಬಳಸುವುದು. ಸುಳ್ಯ, ಪುತ್ತೂರು ಕಡೆಯ ರಬ್ಬರ್ ಮರದಲ್ಲಿ ಪಿಷ್ಟ ಹೆಚ್ಚು. ಕಡಿದು ಕೆಲವೇ ದಿನಗಳಲ್ಲಿ ಔಷಧಿ ಕಾಣಿಸದಿದ್ದರೆ ನೀಲಿ ಬೂಸಲು ಹತ್ತಿ, ಕುಟ್ಟೆ ಹಿಡಿಯುತ್ತದೆ.

ಬೋರಾನ್ ಇದೆಯೇ ಎಂದು ಪರೀಕ್ಷಿಸಲು ಅರಿಶಿನವೇ ಸಾಕು ಎನ್ನುವವರಿದ್ದಾರೆ. ಅರ್ಧ ನಿಜ. ಪ್ರಯೋಗಾಲಯದಲ್ಲಿ ಮಾಡುವುದೂ ಅರಿಶಿನದ ಪರೀಕ್ಷೆಯನ್ನೇ: ಹೊಸದಾಗಿ ಕೊಯ್ದ ಒಣ ಮುಖಕ್ಕೆ ಸ್ಪಿರಿಟ್‌ನಲ್ಲಿ ನೆನೆಸಿದ ಅರಿಶಿನದ ದ್ರಾವಣ ಹಚ್ಚಿ, ಅದು ಒಣಗಿದ ಮೇಲೆ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸ್ಯಾಲಿಸಿಲಿಕ್ ಆಮ್ಲ ಬೆರೆತ ಎರಡನೇ ದ್ರಾವಣ ಹಚ್ಚುತ್ತಾರೆ. ಬೋರಾನ್ ಇಳಿದಷ್ಟೂ ಭಾಗ ಹಳದಿ ಹೋಗಿ ಕೆಂಪಾಗುತ್ತದೆ. ಆಮ್ಲ ಇಲ್ಲದೆ ಬರೀ ಅರಿಶಿನ ಹಚ್ಚಿ ನೋಡಿದರೆ ಮೋಸ ಹೋಗುತ್ತೀರಿ. ಸುಣ್ಣ, ಸಾಬೂನು ಸೋಕಿದ್ದರೂ ಅರಿಶಿನ ಕೆಂಪಾಗುತ್ತದೆ, ಕುಂಕುಮ ಆಗುವುದೂ ಹಾಗೆಯೇ ಅಲ್ಲವೇ.

ಇನ್ನು ಪ್ಯಾಲೆಟ್ ಮರ, ಅಂದರೆ ಸರಕು ಹೇರುವ ಅಡಿಚೌಕಟ್ಟಿನ ಮರ. ಬೆಂಗಳೂರಿನ ಗುಜರಿಗಳಲ್ಲಿ ಸಿಗುವ ಪೈನ್ ಪ್ಯಾಲೆಟ್‌ನ ಪಕ್ಕದಲ್ಲಿ ಗೋಧಿ ತೆನೆಯ ಚಿತ್ರವಿರುವ ಚೌಕ ಮುದ್ರೆ ಹುಡುಕಿ. ಮೊದಲು ದೇಶದ ಎರಡಕ್ಷರ (ಭಾರತಕ್ಕೆ ಐ.ಎನ್.), ತಯಾರಕರ ಸಂಖ್ಯೆ, ಆಮೇಲೆ ಟ್ರೀಟ್‌ಮೆಂಟ್‌ನ ಅಕ್ಷರ. ಎಚ್.ಟಿ. ಎಂದಿದ್ದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್ ತಲುಪಿ 30 ನಿಮಿಷ ನಿಂತಿದೆ, ರಾಸಾಯನಿಕವಿಲ್ಲ. ಎಂ.ಬಿ. ಎಂದರೆ ಮೀಥೈಲ್ ಬ್ರೋಮೈಡ್ ಎಂಬ ಹುಳ ಕೊಲ್ಲುವ ವಿಷಾನಿಲ. ಅನಿಲ ಹಾರಿಹೋಗಿರುತ್ತದೆ ನಿಜ, ಆದರೂ ಮಂಚ-ಮೇಜಿಗೆ ಎಚ್.ಟಿ. ಸಿಗುವಾಗ ಎಂ.ಬಿ. ಯಾಕೆ ಬೇಕು? ನಿಜವಾಗಿ ಹೆದರಬೇಕಾದ್ದು ಮುದ್ರೆಗಿಂತ ಕಲೆಗೆ. ಕೀಟನಾಶಕವೋ ಆಮ್ಲವೋ ಚೆಲ್ಲಿ ಕಪ್ಪು, ಹಳದಿ ಕಲೆ ಕೂತ ಹಲಗೆಯನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬಿಟ್ಟುಬಿಡಿ.

ಹಸಿ ಮಾಲು ತೆಗೆದುಕೊಳ್ಳಬೇಡಿ

ಸಿ.ಸಿ.ಎ., ಸಿ.ಸಿ.ಬಿ. ಎರಡೂ ಮರಕ್ಕೆ ಕಚ್ಚಿಕೊಳ್ಳಲು ಸಮಯ ಬೇಕು. ಔಷಧಿ ಹಿಡಿಸುವ ಸಿಲಿಂಡರಿನಿಂದ ಆಗಷ್ಟೇ ಹೊರಬಂದ ಮರದಲ್ಲಿ ಕ್ರೋಮಿಯಂ ಇನ್ನೂ ಚರ್ಮವನ್ನು ಸುಡುವ ರೂಪದಲ್ಲೇ ಇರುತ್ತದೆ. ನಮ್ಮ ಹವೆಯಲ್ಲಿ ಎರಡು-ಮೂರು ವಾರ ನೆರಳಲ್ಲಿ, ಮಳೆ ತಾಗದಂತೆ, ನಡುವೆ ಪಟ್ಟಿ ಕೊಟ್ಟು ಅಟ್ಟಿ ಹಾಕಿರಬೇಕು. ಕೊಡಗು-ಚಿಕ್ಕಮಗಳೂರಿನ ಡಿಸೆಂಬರ್ ಚಳಿಯಲ್ಲಿ ಇನ್ನೊಂದು ವಾರ ಸೇರಿಸಿ. ಲಾರಿಯಿಂದ ಇಳಿಸುವಾಗಲೇ ಬೆರಳಿಗೆ ಹಸಿರು ನೀರು ಹತ್ತಿದರೆ, ಮೇಲ್ಮೈಯಲ್ಲಿ ಉಪ್ಪಿನಂಥ ಹರಳು ಕೂತಿದ್ದರೆ ಮಾಲು ವಾಪಸ್ ಕಳಿಸಿ. ಬಿಲ್ಲಿನಲ್ಲಿ ಔಷಧಿಯ ಹೆಸರು, ಘನ ಮೀಟರಿಗೆ ಎಷ್ಟು ಕೆಜಿ, ಟ್ರೀಟ್‌ಮೆಂಟ್ ಮಾಡಿದ ದಿನಾಂಕ ಈ ಮೂರನ್ನು ಬರೆಸಿಕೊಳ್ಳಿ. ಭಾರತೀಯ ಮಾನಕ ಐ.ಎಸ್. 401 ಇದರ ಬಗ್ಗೆಯೇ ಇರುವುದು, ಒಳ್ಳೆಯ ಪ್ಲಾಂಟಿನವರಿಗೆ ಅದು ಬಾಯಿಪಾಠವಾಗಿರುತ್ತದೆ.

ಮೈಗೆ, ಮುಖಕ್ಕೆ, ಕೈಗೆ

ಮುಖಕ್ಕೆ ಐ.ಎಸ್. 9473 ಗುರುತಿನ ಎಫ್.ಎಫ್.ಪಿ. 2 ಅಥವಾ ಎನ್-95 ಮಾಸ್ಕ್. ಟವೆಲ್ ಸುತ್ತಿಕೊಂಡರೆ ಹೊಟ್ಟು ನಿಲ್ಲುತ್ತದೆ, ಶ್ವಾಸಕೋಶದ ತಳಕ್ಕೆ ಇಳಿಯುವ ನುಣ್ಣನೆಯ ದೂಳು ನಿಲ್ಲುವುದಿಲ್ಲ. ಗಡ್ಡವಿದ್ದರೆ ಮಾಸ್ಕಿನ ಅಂಚು ಕೂರುವುದಿಲ್ಲ, ಅದನ್ನೂ ನೋಡಿಕೊಳ್ಳಿ. ಸ್ಲೀಪರ್ ಕೊಯ್ಯುವಾಗ ದೂಳಿನ ಮಾಸ್ಕ್ ಸಾಲದು, ಎಣ್ಣೆಯ ಆವಿಗೆ ಕಾರ್ಟ್ರಿಜ್ ಇರುವ ರಬ್ಬರ್ ಮಾಸ್ಕ್ ಬೇಕು. ಜೊತೆಗೆ ಸ್ಲೀಪರ್ ಕೆಲಸವನ್ನು ನಡುಬಿಸಿಲಲ್ಲಿ ಇಟ್ಟುಕೊಳ್ಳಬೇಡಿ. ಕ್ರಿಯೊಸೋಟ್ ತಾಗಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಕೆಂಪೇಳುತ್ತದೆ.

ಕೈಗವಸಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು. ಹೊರುವಾಗ, ಜೋಡಿಸುವಾಗ ಗ್ಲೌಸ್ ಇರಲಿ. ಒಣ ಮರಕ್ಕೆ ಚರ್ಮದ್ದು ಆಗುತ್ತದೆ, ಒದ್ದೆ ಮರಕ್ಕೂ ಸ್ಲೀಪರಿಗೂ ನೈಟ್ರೈಲ್ ಬೇಕು. ಬಟ್ಟೆಯ ಗ್ಲೌಸ್ ಔಷಧಿಯನ್ನು ಹೀರಿ ಚರ್ಮಕ್ಕೇ ಒತ್ತಿ ಹಿಡಿಯುತ್ತದೆ. ಆದರೆ ತಿರುಗುವ ಬ್ಲೇಡು, ಡ್ರಿಲ್ಲು, ರೂಟರ್ ಮುಂದೆ ನಿಂತಾಗ ಸಡಿಲ ಗ್ಲೌಸ್ ತೆಗೆದಿಡಿ. ಬೆರಳ ತುದಿಯ ದಾರ ಸಿಕ್ಕಿಕೊಂಡರೆ ಕೈಯನ್ನೇ ಎಳೆಯುತ್ತದೆ. ಅಲ್ಲಿ ಬರಿಗೈಯಲ್ಲಿ ಮಾಡಿ, ಮುಗಿದ ತಕ್ಷಣ ಸಾಬೂನು ಹಾಕಿ ತೊಳೆಯಿರಿ.

ಬಡಗಿಗಳ ಒಂದು ಅಭ್ಯಾಸವಿದೆ: ಎಡಗೈಯಲ್ಲಿ ಪಟ್ಟಿ, ಬಲಗೈಯಲ್ಲಿ ಸುತ್ತಿಗೆ, ತುಟಿಯ ನಡುವೆ ನಾಲ್ಕು ಮೊಳೆ. ಕಿವಿಯ ಮೇಲಿನ ಪೆನ್ಸಿಲ್ಲೂ ಆಗಾಗ ಬಾಯಿಗೆ ಹೋಗಿ ಬರುತ್ತದೆ. ಅರ್ಧ ಗಂಟೆಗೊಮ್ಮೆ ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ ಅಡಿಕೆ ಹಾಕಿಕೊಳ್ಳುವುದು, ಬೀಡಿ ಹಚ್ಚುವುದು. ಔಷಧಿ ಹೊಟ್ಟೆಗೆ ಹೋಗುವ ದಾರಿ ಇದೇ. ಮೊಳೆಗೆ ಸೊಂಟದ ಚೀಲ ಕೊಡಿಸಿ. ಕೆಲಸದ ಜಾಗದಲ್ಲೇ ಒಂದು ಕೊಡ ನೀರು, ಸಾಬೂನು ಇಡಿ. ಎಲೆಯಡಿಕೆ, ಚಹಾ, ಬೀಡಿ ಎಲ್ಲವೂ ಕೈ ತೊಳೆದ ಮೇಲೆ, ಹತ್ತು ಮಾರು ದೂರದಲ್ಲಿ.

ಕೊಯ್ಯುವುದು

ಅತಿ ಒಳ್ಳೆಯ ಕೊಯ್ತವೆಂದರೆ ಕೊಯ್ಯದೇ ಇರುವುದು. ಅಳತೆ ಪಟ್ಟಿ ಮೊದಲೇ ಮಾಡಿ ಆ ಉದ್ದಕ್ಕೇ ಕಂಬ ತರಿಸಿ, ಮಾಡಬೇಕಾದ ಕಚ್ಚು, ತೂತುಗಳನ್ನು ಟ್ರೀಟ್‌ಮೆಂಟಿಗೆ ಮುನ್ನವೇ ಮಾಡಿಸಿ. ದೂಳೂ ಇಲ್ಲ, ತುಂಡೂ ಇಲ್ಲ, ಔಷಧಿ ತೂತಿನ ಒಳಗೂ ಇಳಿದಿರುತ್ತದೆ.

ಕೊಯ್ಯಲೇಬೇಕಾದರೆ ಬಯಲಿನಲ್ಲಿ ಮಾಡಿ. ಮನೆಯ ಚಾವಡಿ, ಕೊಟ್ಟಿಗೆ, ಅಡಿಕೆ ಒಣಹಾಕುವ ಅಂಗಳ ಬೇಡ. ಬಾವಿಯಿಂದ, ತರಕಾರಿ ಪಾತಿಯಿಂದ ದೂರ ಹೋಗಿ. ನೆಲಕ್ಕೆ 12 ಅಡಿ ಚೌಕದ ಟಾರ್ಪಾಲು ಹಾಸಿ, ಗಾಳಿ ನಿಮ್ಮ ಬೆನ್ನಿಗೆ ಬರುವಂತೆ ನಿಲ್ಲಿ. ಮಕ್ಕಳು, ಕೋಳಿ, ನಾಯಿ ಹತ್ತಿರ ಬರದಿರಲಿ.

ಕೈಗರಗಸ ದಪ್ಪ ಹೊಟ್ಟು ಬೀಳಿಸುತ್ತದೆ, ಅದು ಅಲ್ಲೇ ಬೀಳುತ್ತದೆ. ಹತ್ತಿಪ್ಪತ್ತು ಕೊಯ್ತವಾದರೆ ಅದೇ ಮೇಲು. ಕರೆಂಟಿನ ಗರಗಸಕ್ಕೆ ಹಲ್ಲು ಕಡಿಮೆ ಇರುವ ಕಾರ್ಬೈಡ್ ಬ್ಲೇಡು ಹಾಕಿ, 7 ಇಂಚಿನದಕ್ಕೆ 24 ಹಲ್ಲು ಸಾಕು. ಹಲ್ಲು ಹೆಚ್ಚಾದಷ್ಟೂ, ಬ್ಲೇಡು ಮೊಂಡಾದಷ್ಟೂ ದೂಳು ನುಣ್ಣಗಾಗುತ್ತದೆ. ಮೊಂಡು ಬ್ಲೇಡಿನಲ್ಲಿ ಒತ್ತಿ ತಳ್ಳಿದರೆ ಮರ ಸುಟ್ಟು ಹೊಗೆಯೂ ಏಳುತ್ತದೆ. ಸುಟ್ಟ ವಾಸನೆ ಬಂದ ಕೂಡಲೇ ನಿಲ್ಲಿಸಿ ಬ್ಲೇಡು ಬದಲಿಸಿ. ಆಂಗಲ್ ಗ್ರೈಂಡರಿಗೆ ಮರದ ಬ್ಲೇಡು ಹಾಕಿ ಕೊಯ್ಯುವ ಕೆಟ್ಟ ಪದ್ಧತಿ ಎಲ್ಲ ಕಡೆ ಇದೆ. ಯಾವ ಮರಕ್ಕೂ ಅದು ಸಲ್ಲದು, ಔಷಧಿ ಮರಕ್ಕಂತೂ ಬೇಡವೇ ಬೇಡ.

ಉಜ್ಜುವ ಕೆಲಸ ಕೊಯ್ಯುವುದಕ್ಕಿಂತ ಅಪಾಯ. ಸ್ಯಾಂಡಿಂಗ್ ಮೆಷಿನ್ ಹುಟ್ಟಿಸುವುದೇ ಉಸಿರಿಗೆ ಹೋಗುವ ದೂಳು. ಅಂಚಿನ ಸಿಬಿರು ಸಾಯಿಸಬೇಕೆಂದರೆ ಕೀಸುಳಿಯಲ್ಲಿ ಎರಡು ಎಳೆತ ಎಳೆಯಿರಿ, ಇಲ್ಲವೇ ಮರವನ್ನು ಒದ್ದೆ ಮಾಡಿ 80 ನಂಬರ್ ನೀರುಪೇಪರಿನಲ್ಲಿ ಕೈಯಿಂದ ಉಜ್ಜಿ. ಪ್ಲೈವುಡ್‌ಗೂ ಈ ಮಾತು ಅನ್ವಯ. ಐ.ಎಸ್. 710 ಮೆರೀನ್ ಪ್ಲೈಯ ದೂಳಿನಲ್ಲಿ ಅಂಟೂ ಇದೆ, ಔಷಧಿಯೂ ಇದೆ.

ಮುಗಿದ ಮೇಲೆ ಕಸಪೊರಕೆ ಹಿಡಿದು ಒಣಗುಡಿಸಬೇಡಿ, ಬ್ಲೋವರ್ ಬೇಡ. ನೀರು ಚಿಮುಕಿಸಿ, ಟಾರ್ಪಾಲನ್ನು ನಾಲ್ಕು ಮೂಲೆ ಹಿಡಿದು ಮಡಚಿ, ಹೊಟ್ಟನ್ನು ದಪ್ಪ ಚೀಲಕ್ಕೆ ಸುರಿಯಿರಿ. ಬಟ್ಟೆಯನ್ನು ಮನೆಯೊಳಗೆ ಕೊಡವಬೇಡಿ, ಮನೆಮಂದಿಯ ಬಟ್ಟೆಯ ಜೊತೆ ನೆನೆಹಾಕಬೇಡಿ.

ಕೊಯ್ದ ತುದಿ ಮತ್ತು ಮೊಳೆ

ಕಂಬ ಐದೇ ವರ್ಷಕ್ಕೆ ಕೊಳೆಯಿತು, ಟ್ರೀಟ್‌ಮೆಂಟ್ ಮೋಸ ಎಂಬ ದೂರು ಬಂದಾಗ ಬುಡ ಅಗೆದು ನೋಡಿ. ಬಹಳ ಸಲ ಅಲ್ಲಿ ಕಾಣುವುದು ಕೊಯ್ದ ತುದಿ. ಔಷಧಿ ಇಳಿಯುವುದು ಹೊರಗಿನ ಬಿಳಿ ಭಾಗಕ್ಕೆ, ಒಳಗಿನ ಚೇಗು ಅದನ್ನು ಅಷ್ಟಾಗಿ ಕುಡಿಯುವುದಿಲ್ಲ. ಕೊಯ್ದಾಗ ಚೇಗು ಬಯಲಾಗುತ್ತದೆ, ಅದನ್ನೇ ಮಣ್ಣಿಗೆ ಹೂತರೆ ಗೆದ್ದಲಿಗೆ ಬಾಗಿಲು ತೆರೆದಿಟ್ಟಂತೆ. ಪ್ಲಾಂಟಿನಿಂದ ಬಂದ ತುದಿ ಮಣ್ಣಿಗೆ, ಕೊಯ್ದ ತುದಿ ಮೇಲಕ್ಕೆ. ಪ್ರತಿ ಕೊಯ್ತ, ತೂತು, ಕಚ್ಚಿಗೆ ಬ್ರಷ್ಷಿನಿಂದ ಹಚ್ಚುವ ತಾಮ್ರದ ಔಷಧಿಯನ್ನು ಎರಡು ಸಲ, ಮೊದಲನೆಯದು ಹೀರಿದ ಮೇಲೆ ಎರಡನೆಯದು ಹಚ್ಚಿ. ಮೇಲಿನ ತುದಿಯನ್ನು ಓರೆ ಕೊಯ್ದರೆ ಮಳೆನೀರು ನಿಲ್ಲುವುದಿಲ್ಲ. ಬುಡದ ಸುತ್ತ ಕಾಂಕ್ರೀಟ್ ಬಟ್ಟಲು ಮಾಡಿ ನೀರು ನಿಲ್ಲಿಸಬೇಡಿ.

ತಾಮ್ರ ಇರುವ ಮರ ಕಬ್ಬಿಣವನ್ನು ತಿನ್ನುತ್ತದೆ, ಎ.ಸಿ.ಕ್ಯೂ. ಮತ್ತು ಕಾಪರ್ ಅಜೋಲ್ ಎಲ್ಲಕ್ಕಿಂತ ಹೆಚ್ಚು. ಅಂಗಡಿಯಲ್ಲಿ ಥಳಥಳ ಹೊಳೆಯುವ ‘ಜಿ.ಐ.’ ಮೊಳೆಗೆ ಇರುವುದು ತೆಳ್ಳನೆಯ ಸತುವಿನ ಲೇಪ, ಒಂದೆರಡು ಮಳೆಗಾಲಕ್ಕೆ ಹೋಗುತ್ತದೆ. ಮಂಕಾಗಿ, ಒರಟಾಗಿ ಕಾಣುವ ಹಾಟ್ ಡಿಪ್ ಗ್ಯಾಲ್ವನೈಸ್ಡ್ (ಕರಗಿದ ಸತುವಿನಲ್ಲಿ ಅದ್ದಿದ) ಮೊಳೆ ಕೇಳಿ, ಅಥವಾ 304 ದರ್ಜೆಯ ಸ್ಟೇನ್ಲೆಸ್ ಸ್ಟೀಲು. ಕಾರವಾರದಿಂದ ಉಳ್ಳಾಲದವರೆಗೆ ಸಮುದ್ರದ ಗಾಳಿ ಇರುವಲ್ಲಿ 316. ಅಲ್ಯುಮಿನಿಯಂ ಪಟ್ಟಿಯನ್ನು ಈ ಮರಕ್ಕೆ ನೇರ ತಾಗಿಸಬೇಡಿ. ನೀಲಗಿರಿ, ಸಿಲ್ವರ್ ಓಕ್ ತುದಿಯಲ್ಲಿ ಸುಲಭವಾಗಿ ಸೀಳುತ್ತವೆ: 8 ನಂಬರ್ ಸ್ಕ್ರೂವಿಗೆ ಮೊದಲು 3 ಮಿ.ಮೀ. ಬಿಟ್‌ನಲ್ಲಿ ತೂತು ಹಾಕಿ.

ಎಲ್ಲಿ ಬೇಡ

ದನದ ಗೋದಲಿ, ಜೇನುಪೆಟ್ಟಿಗೆ, ತೊಟ್ಟಿಲು, ಮಕ್ಕಳ ಉಯ್ಯಾಲೆ, ತರಕಾರಿ ಹೆಚ್ಚುವ ಮಣೆ, ಅಡಿಕೆ-ಮೆಣಸು ಒಣಗಿಸುವ ಅಟ್ಟ, ಕುಡಿಯುವ ನೀರು ತಾಗುವ ಯಾವುದೂ ಬೇಡ. ಸಿ.ಸಿ.ಎ. ಕಂಬದಿಂದ ಜಿನುಗುವ ಆರ್ಸೆನಿಕ್ ಹೆಚ್ಚಾಗಿ ಬುಡದ ಕೆಲವು ಇಂಚು ಮಣ್ಣಿನಲ್ಲೇ ಉಳಿಯುತ್ತದೆ, ದೂರ ಹರಿಯುವುದಿಲ್ಲ. ಹಾಗಾಗಿ ತೋಟದ ಬೇಲಿಗೆ ಬಳಸಬಹುದು, ಸೊಪ್ಪಿನ ಪಾತಿಯ ಅಂಚುಕಟ್ಟಲು ಬಳಸಬಾರದು.

ಮನೆಯಲ್ಲೇ ಬೋರಾನ್ ಹಾಕುವುದಾದರೆ

ಸಿ.ಸಿ.ಎ. ಮನೆಯಲ್ಲಿ ಮುಟ್ಟುವ ವಸ್ತುವಲ್ಲ. ಬಿದಿರಿಗೆ, ಒಳಾಂಗಣದ ಪಟ್ಟಿಗೆ ಬೋರಾನ್ ನೀವೇ ಹಾಕಬಹುದು. 100 ಲೀಟರ್ ನೀರಿಗೆ 3 ಕೆಜಿ ಬಿಳಿಗಾರ, 2 ಕೆಜಿ ಬೋರಿಕ್ ಆಮ್ಲ. ಅಕ್ಕಸಾಲಿಗರು ಬೆಸುಗೆಗೆ ಬಳಸುವ ಅದೇ ಬಿಳಿಗಾರ. 20 ಲೀಟರ್ ನೀರನ್ನು ಕೈ ತಾಳದಷ್ಟು ಬಿಸಿ ಮಾಡಿ, ಬಿಳಿಗಾರ ಮೊದಲು, ಆಮೇಲೆ ಬೋರಿಕ್ ಹಾಕಿ ಕೋಲಿನಿಂದ ಕಲಕಿ ಕರಗಿಸಿ, ಉಳಿದ ನೀರು ಸೇರಿಸಿ. ತಳದಲ್ಲಿ ಹರಳು ಉಳಿದರೆ ಇನ್ನೂ ಬಿಸಿ ಬೇಕು. ಅಡುಗೆಮನೆಯ ಪಾತ್ರೆ, ಸೌಟು ತರಬೇಡಿ. ಪುಡಿ ಸುರಿಯುವಾಗ ಮಾಸ್ಕ್ ಇರಲಿ, ಬಸುರಿಯರು ಈ ಕೆಲಸಕ್ಕೆ ಬರುವುದು ಬೇಡ.

ಬಿದಿರಿನ ಗಿಣ್ಣುಗಳನ್ನು ಉದ್ದನೆಯ ಕಬ್ಬಿಣದ ಸಲಾಕೆಯಿಂದ ಒಳಗಿಂದಲೇ ತೂತು ಮಾಡಿ, ಪೂರ್ತಿ ಮುಳುಗುವಂತೆ ಕಲ್ಲು ಹೇರಿ. ಗಾಳಿ ಸಿಕ್ಕಿಕೊಂಡ ಗೆಣ್ಣಿನೊಳಗೆ ಔಷಧಿ ಇಳಿಯುವುದಿಲ್ಲ, ಕುಟ್ಟೆ ಮೊದಲು ಹಿಡಿಯುವುದೂ ಅಲ್ಲೇ. ಏಳು ದಿನ ಬಿಟ್ಟು ತೆಗೆದು, ನೆರಳಲ್ಲಿ ನಿಲ್ಲಿಸಿ ಎರಡು ವಾರ ಒಣಗಿಸಿ. ಬಿಸಿಲಿಗೆ ಹಾಕಿದರೆ ಸೀಳುತ್ತದೆ. ಬೋರಾನ್ ನೀರಿಗೆ ಕರಗುವ ವಸ್ತು, ಮರಕ್ಕೆ ಕಚ್ಚಿಕೊಳ್ಳುವುದಿಲ್ಲ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಹೊರಗೆ ನಿಲ್ಲಿಸಿದರೆ ತೊಳೆದುಹೋಗುತ್ತದೆ. ಮಾಡಿನ ಕೆಳಗೆ ಮಾತ್ರ ಬಳಸಿ.

ಉಳಿದ ನೀರನ್ನು ತೆಂಗಿಗೆ ಗೊಬ್ಬರವೆಂದು ಸುರಿಯುವವರಿದ್ದಾರೆ. ಬೋರಾನ್ ಕೊರತೆಯ ತೆಂಗಿಗೆ ಬಿಳಿಗಾರವನ್ನು ಗ್ರಾಂ ಲೆಕ್ಕದಲ್ಲಿ ಕೊಡುವುದು. ಈ ದ್ರಾವಣದ ಒಂದು ಲೀಟರಿನಲ್ಲೇ ಸುಮಾರು 60 ಗ್ರಾಂ ಬಿಳಿಗಾರಕ್ಕೆ ಸಮನಾದ ಬೋರಾನ್ ಇದೆ. ಇಡೀ ಡ್ರಮ್ಮನ್ನು ಒಂದು ಬುಡಕ್ಕೆ ಹೊಯ್ದರೆ 6 ಕೆಜಿ ಹಾಕಿದಂತಾಯಿತು, ಮರ ಒಣಗುತ್ತದೆ. ಮುಚ್ಚಳ ಹಾಕಿ, ‘ವಿಷ’ ಎಂದು ಬರೆದು, ಮುಂದಿನ ಸಲಕ್ಕೆ ಇಟ್ಟುಕೊಳ್ಳಿ.

ಪಾಚಿ, ತುಂಡು, ಹೊಟ್ಟು

ಆಷಾಢದಲ್ಲಿ ಮೆಟ್ಟಿಲು, ಡೆಕ್ ಪಾಚಿಗಟ್ಟಿದಾಗ ಬ್ಲೀಚಿಂಗ್ ಪೌಡರ್ ಎರಚುವುದು ಎಲ್ಲರ ರೂಢಿ. ಸಿ.ಸಿ.ಎ. ಮರಕ್ಕೆ ಅದು ಸಲ್ಲದು. ಮರಕ್ಕೆ ಕಚ್ಚಿ ಸುಮ್ಮನಾಗಿದ್ದ ಕ್ರೋಮಿಯಂ ಬ್ಲೀಚ್‌ನಿಂದ ಮತ್ತೆ ವಿಷರೂಪಕ್ಕೆ ತಿರುಗುತ್ತದೆ. ಸೋಪುನೀರು, ಮೆತ್ತನೆಯ ಬ್ರಷ್ ಸಾಕು. ಪ್ರೆಷರ್ ವಾಷರ್ ಬೇಡ, ಮೇಲಿನ ನಾರನ್ನೇ ಕಿತ್ತು ಹಾಕುತ್ತದೆ. ಹಳೆಯ ಡೆಕ್‌ಗೆ ಒಂದೆರಡು ವರ್ಷಕ್ಕೊಮ್ಮೆ ಒಳಗಿಳಿಯುವ ಎಣ್ಣೆಯಾಧಾರಿತ ಸ್ಟೇನ್ ಹಚ್ಚಿ. ಪೇಂಟ್ ಪದರ ಎದ್ದರೆ ಮುಂದೆ ಉಜ್ಜಬೇಕಾಗುತ್ತದೆ.

ಔಷಧಿ ಮರದ ಹೊಟ್ಟು ಕೋಳಿಗೂಡಿಗೆ, ಕೊಟ್ಟಿಗೆಯ ಹಾಸಿಗೆ, ಅಣಬೆ ಬೆಳೆಗೆ, ಹೊಟ್ಟಿನ ಒಲೆಗೆ, ಗೊಬ್ಬರಗುಂಡಿಗೆ ಎಲ್ಲಿಗೂ ಹೋಗಬಾರದು. ಮಿಲ್ಲಿನಲ್ಲಿ ಕೊಯ್ಯಿಸಿದರೆ ಅಲ್ಲಿಯ ಹೊಟ್ಟನ್ನು ಯಾರು ಒಯ್ಯುತ್ತಾರೆಂದು ಕೇಳಿ, ಬೇರೆ ಮಾಡಿಸಿ. ಎರಡಡಿಗಿಂತ ಉದ್ದದ ತುಂಡನ್ನು ಗೂಟಕ್ಕೋ ಮಣ್ಣು ತಡೆಗೋ ಬಳಸಬಹುದು. ಚಿಕ್ಕದನ್ನೂ ಹೊಟ್ಟನ್ನೂ ಚೀಲಕ್ಕೆ ತುಂಬಿ, ಟ್ರೀಟ್‌ಮೆಂಟ್ ಪ್ಲಾಂಟಿನವರು ವಾಪಸ್ ತೆಗೆದುಕೊಳ್ಳುವರೇ ಕೇಳಿ. ಇಲ್ಲವಾದರೆ ನಗರಸಭೆ, ಪಂಚಾಯಿತಿಯ ಕಸದವರಿಗೆ ಅಪಾಯಕಾರಿ ಕಸ ಎಂದು ಹೇಳಿ ಪ್ರತ್ಯೇಕವಾಗಿ ಕೊಡಿ. ಕೆಲಸದವರು ಸಂಜೆ ಸೌದೆಗೆಂದು ತುಂಡು ಕೇಳುತ್ತಾರೆ. ಕೊಡುವಂತಿಲ್ಲ, ಯಾಕೆ ಎಂಬುದನ್ನು ಬಿಡಿಸಿ ಹೇಳಿ, ಬದಲಿಗೆ ಒಳ್ಳೆಯ ಸೌದೆ ಕೊಟ್ಟು ಕಳಿಸಿ.

ಏನಾದರೂ ಆದರೆ

ಸಿಬಿರು ಚುಚ್ಚಿದರೆ ಆಗಲೇ ಪೂರ್ತಿ ತೆಗೆದು ಸಾಬೂನಿನಲ್ಲಿ ತೊಳೆಯಿರಿ. ಒಳಗೇ ಮುರಿದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ಕಣ್ಣಿಗೆ ದೂಳು, ದ್ರಾವಣ ಬಿದ್ದರೆ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ, ಉಜ್ಜಬೇಡಿ. ಕ್ರಿಯೊಸೋಟ್ ಮೈಗೆ ಹತ್ತಿದರೆ ಸೀಮೆಎಣ್ಣೆ, ಥಿನ್ನರ್ ಹಾಕಿ ಒರೆಸಬೇಡಿ, ಚರ್ಮದೊಳಗೆ ಇಳಿಯಲು ಅದೇ ದಾರಿ ಮಾಡಿಕೊಡುತ್ತದೆ. ಅಡುಗೆ ಎಣ್ಣೆ ಸವರಿ ಒರೆಸಿ, ಆಮೇಲೆ ಸಾಬೂನು ಹಾಕಿ. ಯಾರಾದರೂ ದ್ರಾವಣ ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. 108ಕ್ಕೆ ಫೋನ್ ಮಾಡಿ, ಔಷಧಿಯ ಡಬ್ಬಿಯನ್ನೋ ಹೆಸರು ಬರೆದ ಬಿಲ್ಲನ್ನೋ ಕೈಯಲ್ಲಿ ಹಿಡಿದೇ ಆಸ್ಪತ್ರೆಗೆ ಹೋಗಿ.